ಚೀನೀ ಭಾಷೆಗೆ ಕನ್ನಡದ ಕಿವಿ: ಹೊಸದಾಗಿ ಕಲಿಯುವವರಿಗೆ ಒಂದು ಮಾರ್ಗದರ್ಶಿ

ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟ ಚೀನೀ ಯಾತ್ರಿಕನನ್ನು ನಾವು ಶಾಲೆಯ ಇತಿಹಾಸ ಪುಸ್ತಕದಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಓದಿದ್ದೇವೆ. ಆ ಹೆಸರನ್ನು ಇಂದಿನ ಚೀನೀಯರ ಬಾಯಲ್ಲಿ ಕೇಳಿದರೆ ಅದು 'ಶ್ವೆನ್ ತ್ಸಾಂಗ್' ಎಂದು ಕೇಳಿಸುತ್ತದೆ. ಕನ್ನಡದ 'ಶ'ಕಾರದಿಂದ ಸಲೀಸಾಗಿ ಬರೆಯಬಹುದಾಗಿದ್ದ ಹೆಸರು ಇಂಗ್ಲಿಷ್ ಅಕ್ಷರಗಳ ದಾರಿಯಲ್ಲಿ ಬಂದದ್ದರಿಂದಲೇ ಗುರುತು ಸಿಗದಂತಾಯಿತು. ಚೀನೀ ಭಾಷೆಯನ್ನು ಕಲಿಯಹೊರಟ ಕನ್ನಡಿಗರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಎಡವುವುದು ಇದೇ ಜಾಗದಲ್ಲಿ. ಪಾಠಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಅವರು ಇಂಗ್ಲಿಷಿನ ಕಿವಿಯಿಂದ ಕೇಳುತ್ತಾರೆ, ಇಂಗ್ಲಿಷಿನ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಅದನ್ನು ಚೀನೀ ಭಾಷೆಗೆ ತಿರುಗಿಸುತ್ತಾರೆ, ಹಾಗಾಗಿ ಕನ್ನಡ ತಮಗೆ ಮೊದಲೇ ಕೊಟ್ಟಿರುವ ಅನುಕೂಲಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ. ಆ ಅನುಕೂಲಗಳು ಯಾವುವು, ಕನ್ನಡ ನೆರವಿಗೆ ಬಾರದ ಕಡೆ ಎಷ್ಟು ಶ್ರಮ ಬೇಕು, ಯಾವುದನ್ನು ಯಾವಾಗ ಕಲಿಯಬೇಕು ಎಂಬುದನ್ನು ಕ್ರಮವಾಗಿ ಹೇಳುವುದು ಈ ಲೇಖನದ ಉದ್ದೇಶ.

ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯು, ಇಂಗ್ಲಿಷ್ ಮಾತೃಭಾಷೆಯವರು ಚೀನೀ ಭಾಷೆಯಲ್ಲಿ ಕಚೇರಿ ಕೆಲಸ ಮಾಡುವಷ್ಟು ನುರಿತವರಾಗಲು ಸುಮಾರು 2,200 ತರಗತಿ ಗಂಟೆಗಳು ಬೇಕೆಂದು ಲೆಕ್ಕ ಹಾಕಿದೆ. ಅಂಕಿಯನ್ನು ಕಂಡು ಹೆದರಬೇಕಾಗಿಲ್ಲ. ಅಂಗಡಿಯಲ್ಲಿ ಬೆಲೆ ಕೇಳಲು, ಪರಿಚಯ ಹೇಳಿಕೊಳ್ಳಲು, ಸರಳವಾದ ಸಂದೇಶವನ್ನು ಓದಲು ಅದರ ಹತ್ತನೆಯ ಒಂದು ಪಾಲು ಸಾಕು. ಆದರೆ ಮೂವತ್ತು ದಿನಗಳಲ್ಲಿ ಚೀನೀ ಭಾಷೆ ಎಂಬ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ.

ಮೊದಲು: ಯಾವ ಚೀನೀ ಭಾಷೆ?

ಚೀನೀ ಎಂಬುದು ಒಂದೇ ಆಡುಮಾತಲ್ಲ. ಹಾಂಗ್‌ಕಾಂಗ್ ಮತ್ತು ಗುವಾಂಗ್‌ಝೌ ಕಡೆಯ ಕ್ಯಾಂಟನೀಸ್ ಮಾತು ಬೀಜಿಂಗಿನವರಿಗೆ ಕೇಳಿ ಅರ್ಥವಾಗುವುದಿಲ್ಲ. ಹೊಸಬರು ಕಲಿಯಬೇಕಾದದ್ದು ಬೀಜಿಂಗಿನ ಉಚ್ಚಾರಣೆಯನ್ನು ಆಧರಿಸಿದ ಮಾನಕ ಭಾಷೆಯನ್ನು. ಅದನ್ನು ಚೀನಾದಲ್ಲಿ ಪುಥೊಂಗ್‌ಹ್ವಾ ಎನ್ನುತ್ತಾರೆ, ತೈವಾನಿನಲ್ಲಿ ಕುವೊಯ್ಯು, ಸಿಂಗಪುರದಲ್ಲಿ ಹ್ವಾಯ್ಯು. ಹೊರಗಿನವರು ಬಳಸುವ ಮ್ಯಾಂಡರಿನ್ ಎಂಬ ಹೆಸರು ನಮ್ಮ 'ಮಂತ್ರಿ' ಶಬ್ದದಿಂದ ಮಲಯ, ಪೋರ್ಚುಗೀಸ್ ಭಾಷೆಗಳ ಮೂಲಕ ಹಾದು ಬಂದದ್ದು. ಲಿಪಿಯಲ್ಲಿಯೂ ಎರಡು ಬಗೆಗಳಿವೆ. ಚೀನಾ, ಸಿಂಗಪುರ ಮತ್ತು ಮಲೇಷ್ಯಾದಲ್ಲಿ 1956ರ ನಂತರ ಜಾರಿಗೆ ಬಂದ ಸರಳೀಕೃತ ಲಿಪಿ ನಡೆಯುತ್ತದೆ, ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಸಾಂಪ್ರದಾಯಿಕ ಲಿಪಿ. ವ್ಯಾಪಾರಕ್ಕಾಗಿ ಚೀನಾದ ಈವೂ ಸಗಟು ಪೇಟೆಗೆ ಹೋಗುವವರು, ವೈದ್ಯಕೀಯ ಓದಲು ಚೀನಾಕ್ಕೆ ಹೊರಟ ವಿದ್ಯಾರ್ಥಿಗಳು, ಸಿಂಗಪುರದಲ್ಲಿ ನೆಲೆಸಿರುವವರು ಸರಳೀಕೃತ ಲಿಪಿಯನ್ನೇ ಆರಿಸಿಕೊಳ್ಳಲಿ. ತೈವಾನಿನ ಕಂಪನಿಯಲ್ಲಿ ಕೆಲಸ ಇರುವವರಿಗೆ ಮಾತ್ರ ಇನ್ನೊಂದು ಬೇಕಾಗುತ್ತದೆ. ಈ ನಿರ್ಧಾರವನ್ನು ಒಂದೇ ದಿನದಲ್ಲಿ ಮುಗಿಸಿ ಮುಂದೆ ನಡೆಯಿರಿ.

ಮೊದಲ ಮೂರು ವಾರ: ಧ್ವನಿ ಮಾತ್ರ

ಚೀನೀ ಅಕ್ಷರಗಳ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಎಂದು ಹೆಸರು. 1958ರ ಫೆಬ್ರುವರಿಯಲ್ಲಿ ಚೀನಾ ಸರ್ಕಾರ ಇದನ್ನು ಅಂಗೀಕರಿಸಿತು. ಇದನ್ನು ರೂಪಿಸಿದವರಲ್ಲಿ ಮುಖ್ಯರಾದ ಚೋ ಯೊಕ್ವಾಂಗ್ ಅವರು 1906ರಲ್ಲಿ ಹುಟ್ಟಿ 2017ರವರೆಗೆ ಬದುಕಿ, ಚೀನಾದ ಮಕ್ಕಳೆಲ್ಲ ತಮ್ಮ ಪದ್ಧತಿಯಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ನಾನು ಸೇರಿದ್ದ ಒಂದು ತರಗತಿಯಲ್ಲಿ ಪಿನ್‌ಯಿನ್ನನ್ನು ಒಂದೇ ಸಂಜೆಯಲ್ಲಿ ಮುಗಿಸಿ ಮರುದಿನ ಸಂಭಾಷಣೆಗೆ ಹೋದರು. ಆ ಆತುರದಲ್ಲಿ ನಾಲಿಗೆಗೆ ಅಂಟಿದ ತಪ್ಪುಗಳನ್ನು ಬಿಡಿಸಿಕೊಳ್ಳಲು ನನಗೆ ಮುಂದೆ ತಿಂಗಳುಗಟ್ಟಲೆ ಬೇಕಾಯಿತು. ಆದ್ದರಿಂದ ಈ ಮೂರು ವಾರಗಳಲ್ಲಿ ಧ್ವನಿಗಳನ್ನೂ ಕೆಲವು ಬಿಡಿ ಪದಗಳನ್ನೂ ಬಿಟ್ಟರೆ ಬೇರೇನನ್ನೂ ಕಲಿಯಬೇಡಿ ಎಂದು ಒತ್ತಿ ಹೇಳುತ್ತೇನೆ.

ಪಿನ್‌ಯಿನ್‌ನ ಅಕ್ಷರಗಳು ರೋಮನ್ ಆದರೂ ಅವುಗಳ ಧ್ವನಿ ಇಂಗ್ಲಿಷಿನದಲ್ಲ. ಇಂಗ್ಲಿಷಿನಲ್ಲಿ ಬಿ ಮತ್ತು ಪಿ ಅಕ್ಷರಗಳ ನಡುವಿನ ವ್ಯತ್ಯಾಸ 'ಬ' ಮತ್ತು 'ಪ'ಗಳ ವ್ಯತ್ಯಾಸ. ಪಿನ್‌ಯಿನ್‌ನಲ್ಲಿ ಅದು 'ಪ' ಮತ್ತು 'ಫ'ಗಳ ವ್ಯತ್ಯಾಸ, ಅಂದರೆ ಅಲ್ಪಪ್ರಾಣ ಮತ್ತು ಮಹಾಪ್ರಾಣಗಳ ವ್ಯತ್ಯಾಸ. ಇಲ್ಲಿ 'ಫ' ಎಂದರೆ ಫೋನ್ ಎನ್ನುವಾಗ ಹಲ್ಲು ತುಟಿಗೆ ತಾಕಿಸಿ ಹೇಳುವ ಧ್ವನಿಯಲ್ಲ. 'ಫಲ' ಎಂಬುದನ್ನು ಸಂಸ್ಕೃತ ಪಂಡಿತರು ಉಚ್ಚರಿಸುವಾಗ ತುಟಿಗಳೆರಡೂ ಕೂಡಿ ಬಿಡುವ ಮಹಾಪ್ರಾಣ. ಇದೇ ಲೆಕ್ಕದಲ್ಲಿ ಡಿ ಅಕ್ಷರವು 'ತ'ಕ್ಕೂ ಟಿ ಅಕ್ಷರವು 'ಥ'ಕ್ಕೂ ಹತ್ತಿರ. ಜಿ ಅಕ್ಷರ 'ಕ', ಕೆ ಅಕ್ಷರ 'ಖ'. ಜೆ ಅಕ್ಷರ 'ಚ', ಕ್ಯೂ ಅಕ್ಷರ 'ಛ'. ನಾವು ಬೀಜಿಂಗ್ ಎಂದು ಬರೆಯುವ ನಗರದ ಹೆಸರು ಅಲ್ಲಿಯವರ ಬಾಯಲ್ಲಿ 'ಪೆಯ್‌ಚಿಂಗ್' ಆಗಿರುವುದು ಈ ಕಾರಣದಿಂದ. ಇಂಗ್ಲಿಷ್ ಮಾತೃಭಾಷೆಯವರು ವಾರಗಟ್ಟಲೆ ತಿಣುಕುವ ಈ ಭೇದವನ್ನು ನಮ್ಮ ಮಕ್ಕಳು ಒಂದನೇ ತರಗತಿಯಲ್ಲಿ ಕಾಗುಣಿತದ ಜೊತೆಗೇ ಕಲಿತಿರುತ್ತಾರೆ.

ಆದರೆ ಒಂದು ಎಚ್ಚರಿಕೆ ಬೇಕು. ನಮ್ಮ ದಿನನಿತ್ಯದ ಮಾತಿನಲ್ಲಿ ಮಹಾಪ್ರಾಣ ಬಹುಪಾಲು ಸವೆದುಹೋಗಿದೆ. ಬರೆಯುವಾಗ 'ಖರ್ಚು' ಎಂದು ಬರೆದರೂ ಆಡುವಾಗ 'ಕರ್ಚು' ಎನ್ನುವವರೇ ಹೆಚ್ಚು. ಚೀನೀ ಭಾಷೆಯಲ್ಲಿ ಆ ಸಡಿಲಿಕೆ ನಡೆಯುವುದಿಲ್ಲ. ತೆಳುವಾದ ಕಾಗದದ ಒಂದು ಪಟ್ಟಿಯನ್ನು ತುಟಿಯ ಮುಂದೆ ಹಿಡಿದು ಪ-ಫ, ತ-ಥ, ಕ-ಖ ಜೋಡಿಗಳನ್ನು ಹೇಳಿ. ಮಹಾಪ್ರಾಣಕ್ಕೆ ಕಾಗದ ಸ್ಪಷ್ಟವಾಗಿ ಅಲುಗಬೇಕು, ಅಲ್ಪಪ್ರಾಣಕ್ಕೆ ಅಲುಗಬಾರದು. ದಿನಕ್ಕೆ ಐದು ನಿಮಿಷ ಇದನ್ನು ಮಾಡಿದರೆ ಎರಡು ವಾರದಲ್ಲಿ ನಾಲಿಗೆ ಪಳಗುತ್ತದೆ.

ಎಕ್ಸ್ ಅಕ್ಷರ ಮತ್ತು ಎಸ್‌ಎಚ್ ಜೋಡಿಗಳ ವಿಷಯದಲ್ಲೂ ನಮ್ಮ ವರ್ಣಮಾಲೆ ಕೈಹಿಡಿಯುತ್ತದೆ. ಎಕ್ಸ್ ಎಂದರೆ ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಇರಿಸಿ ಹೇಳುವ 'ಶ'. ಎಸ್‌ಎಚ್ ಎಂದರೆ ನಾಲಿಗೆಯನ್ನು ಮೇಲಕ್ಕೆ, ಹಿಂದಕ್ಕೆ ತಂದು ಹೇಳುವ 'ಷ'. ಝಡ್‌ಎಚ್ ಮತ್ತು ಸಿಎಚ್ ಜೋಡಿಗಳು ಇದೇ 'ಷ'ದ ಸ್ಥಾನದಲ್ಲಿ ಹುಟ್ಟುವ ಚ ಮತ್ತು ಛ. ಝಡ್ ಎಂದರೆ 'ತ್ಸ', ಸಿ ಎಂದರೆ ಅದರ ಮಹಾಪ್ರಾಣ ರೂಪ. ಪದದ ಮೊದಲಲ್ಲಿ ಬರುವ ಆರ್ ಅಕ್ಷರ ನಮ್ಮ 'ರ' ಅಲ್ಲ, ಹಳಗನ್ನಡದ 'ೞ'ಕಾರಕ್ಕೆ ಹತ್ತಿರದ್ದು; ತಮಿಳು ಬಲ್ಲವರಿಗೆ ಇದು ಬೇಗ ಹಿಡಿತಕ್ಕೆ ಬರುತ್ತದೆ. ನಮ್ಮಲ್ಲಿ ಇಲ್ಲದ ಸ್ವರ ಒಂದಿದೆ: ಬಾಯೊಳಗೆ 'ಈ' ಎನ್ನುತ್ತಿರುವಾಗಲೇ ತುಟಿಗಳನ್ನು 'ಊ' ಎನ್ನುವಂತೆ ದುಂಡಾಗಿಸಿದರೆ ಬರುವ ಧ್ವನಿ. ಇದನ್ನು ಕನ್ನಡಿಯ ಮುಂದೆ ನಿಂತು ಕಲಿಯುವುದೇ ಸರಿ. ಜೆ, ಕ್ಯೂ, ಎಕ್ಸ್ ಅಕ್ಷರಗಳ ಮುಂದೆ ಯು ಎಂದು ಬರೆದಿದ್ದರೂ ಓದಬೇಕಾದದ್ದು ಈ ಸ್ವರವನ್ನೇ ಎಂಬುದನ್ನು ನೆನಪಿಡಿ.

ಈ ಲೇಖನದಲ್ಲಿ ನಾನು ಚೀನೀ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಅದು ಪರಿಚಯಕ್ಕೆ ಮಾತ್ರ. ಎರಡು ಬೇರೆ ಧ್ವನಿಗಳಿಗೆ ಒಂದೇ 'ಚ' ಬರೆಯಬೇಕಾಗುವುದರಿಂದ, ಮೊದಲ ವಾರ ಕಳೆದ ಮೇಲೆ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಪಿನ್‌ಯಿನ್ನನ್ನೇ ಬರೆಯಿರಿ.

ಸ್ವರದ ಏರಿಳಿತ: ನಿಜವಾದ ಶ್ರಮ ಇಲ್ಲಿದೆ

ಕನ್ನಡ ನೆರವಿಗೆ ಬಾರದ ಸ್ಥಳವೆಂದರೆ ಸ್ಥಾಯಿ ಭೇದ, ಅಂದರೆ ಟೋನ್. ನಾವು ಧ್ವನಿಯನ್ನು ಏರಿಸಿ ಇಳಿಸುವುದು ಪ್ರಶ್ನೆಗೆ, ಕೋಪಕ್ಕೆ, ಅಚ್ಚರಿಗೆ. ಚೀನೀ ಭಾಷೆಯಲ್ಲಿ ಅದರಿಂದ ಪದದ ಅರ್ಥವೇ ಬೇರೆಯಾಗುತ್ತದೆ. ಪದದ ಮುಂದೆ ಅಂಕಿ ಬರೆದು ಟೋನನ್ನು ಸೂಚಿಸುವುದು ರೂಢಿಯಲ್ಲಿರುವ ಒಂದು ಕ್ರಮ. ಮಾ1 ಎಂದರೆ ತಾಯಿ, ಮಾ2 ಎಂದರೆ ಸೆಣಬಿನ ಜಾತಿಯ ನಾರು, ಮಾ3 ಎಂದರೆ ಕುದುರೆ, ಮಾ4 ಎಂದರೆ ಬೈಯುವುದು. ವ್ಯಾಪಾರಿಗಳು ಗಮನಿಸಬೇಕಾದ ಜೋಡಿ ಇನ್ನೊಂದಿದೆ: ಮಾಯ್3 ಎಂದರೆ ಕೊಳ್ಳುವುದು, ಮಾಯ್4 ಎಂದರೆ ಮಾರುವುದು.

ಸಂಗೀತ ಪಾಠದಲ್ಲಿ ತಂಬೂರಿಗೆ ಸೇರಿಸಿ ಮೇಲಿನ ಷಡ್ಜವನ್ನು ಅಲುಗದಂತೆ ಹಿಡಿಯುತ್ತಾರಲ್ಲ, ಮೊದಲನೆಯ ಟೋನ್ ಹಾಗೆ ಎತ್ತರದಲ್ಲಿ ಸಮವಾಗಿ ನಿಲ್ಲುತ್ತದೆ. ಎರಡನೆಯದು, ಹೇಳಿದ್ದು ಕೇಳಿಸದಿದ್ದಾಗ 'ಹ್ಞಾಂ?' ಎಂದು ಮೇಲಕ್ಕೆ ಎಳೆಯುವ ಧ್ವನಿ. ನಾಲ್ಕನೆಯದು, ತಂಟೆ ಮಾಡುವ ಮಗುವಿಗೆ ಗದರಿ 'ಬಾ!' ಎನ್ನುವಾಗ ಮೇಲಿಂದ ಕೆಳಕ್ಕೆ ಬೀಳುವ ಧ್ವನಿ. ಮೂರನೆಯದನ್ನು ಪುಸ್ತಕಗಳು ಇಳಿದು ಏರುವ ಟೋನ್ ಎಂದು ಚಿತ್ರ ಬರೆದು ತೋರಿಸುತ್ತವೆ. ಅದು ಪದವನ್ನು ಒಂಟಿಯಾಗಿ ಹೇಳಿದಾಗ ನಿಜ, ಆದರೆ ಓಡುವ ಮಾತಿನಲ್ಲಿ ಮೂರನೆಯ ಟೋನ್ ಬಹುಮಟ್ಟಿಗೆ ಗಂಟಲಿನ ತಳದಲ್ಲಿಯೇ ಉಳಿದುಬಿಡುತ್ತದೆ. ಅದನ್ನು 'ತಗ್ಗಿನ ಟೋನ್' ಎಂದೇ ಕಲಿತರೆ ಮಾತು ಬೇಗ ಸಹಜವಾಗುತ್ತದೆ ಎಂಬುದು ನನ್ನ ಅನುಭವ. ಇವುಗಳ ಜೊತೆಗೆ ಹಗುರವಾಗಿ, ಚಿಕ್ಕದಾಗಿ ಹೇಳುವ ತಟಸ್ಥ ಟೋನ್ ಒಂದಿದೆ. ಅದಕ್ಕೆ ಇಲ್ಲಿ ಅಂಕಿ ಹಾಕಿಲ್ಲ.

ಟೋನುಗಳನ್ನು ಒಂದೊಂದಾಗಿ ಕಲಿತರೆ ಸಾಲದು, ಜೋಡಿಯಲ್ಲಿ ಕಲಿಯಬೇಕು. ಚೀನೀ ಪದಗಳಲ್ಲಿ ಹೆಚ್ಚಿನವು ಎರಡು ಅಕ್ಷರದವು. ಮೊದಲ ಅಕ್ಷರಕ್ಕೆ ನಾಲ್ಕು ಟೋನ್, ಎರಡನೆಯದಕ್ಕೆ ತಟಸ್ಥವೂ ಸೇರಿ ಐದು ಟೋನ್, ಒಟ್ಟು ಇಪ್ಪತ್ತು ಜೋಡಿ. ಪ್ರತಿ ಜೋಡಿಗೆ ಒಂದೊಂದು ಪದವನ್ನು ಆರಿಸಿ ಗೋಡೆಗೆ ಅಂಟಿಸಿಕೊಳ್ಳಿ: ಇಂದು ಎಂಬುದಕ್ಕೆ ಚಿನ್1ಥ್ಯೆನ್1, ನಾಳೆಗೆ ಮಿಂಗ್2ಥ್ಯೆನ್1, ಗುರುಗಳಿಗೆ ಲಾವ್3ಷ1, ಹೋಗಿಬರುತ್ತೇನೆ ಎನ್ನಲು ತ್ಸಾಯ್4ಚ್ಯೆನ್4, ಹೀಗೆ. ಹೊಸ ಪದ ಬಂದಾಗಲೆಲ್ಲ ಅದು ಗೋಡೆಯ ಯಾವ ಪದದ ಧಾಟಿಯಲ್ಲಿದೆ ಎಂದು ಹೊಂದಿಸಿ ಹೇಳಿ. ಇದು ಛಂದಸ್ಸಿನ ಪ್ರಸ್ತಾರವನ್ನು ಬಾಯಿಗೆ ಕೂರಿಸುವಂಥದ್ದೇ ಕೆಲಸ.

ಎರಡು ನಿಯಮಗಳು ಮೊದಲ ತಿಂಗಳಲ್ಲೇ ಬೇಕಾಗುತ್ತವೆ. ಮೂರನೆಯ ಟೋನುಗಳೆರಡು ಒಟ್ಟಿಗೆ ಬಂದರೆ ಮೊದಲನೆಯದು ಎರಡನೆಯ ಟೋನ್ ಆಗುತ್ತದೆ. ನಮಸ್ಕಾರ ಎಂಬರ್ಥದ 'ನಿ3 ಹಾವ್3' ಎಂಬುದನ್ನು 'ನಿ2 ಹಾವ್3' ಎಂದು ಹೇಳುವುದು ಹೀಗಾಗಿಯೇ. 'ಅಲ್ಲ' ಎಂಬರ್ಥದ ಪು4 ಎಂಬುದು ಇನ್ನೊಂದು ನಾಲ್ಕನೆಯ ಟೋನಿಗಿಂತ ಮೊದಲು ಬಂದಾಗ ಪು2 ಆಗುತ್ತದೆ. ಇವುಗಳನ್ನು ನಮ್ಮ ಸಂಧಿಗಳಂತೆ ಭಾವಿಸಿ. ಲೋಪ, ಆಗಮ, ಆದೇಶಗಳನ್ನು ಯೋಚಿಸದೆ ಆಡುವ ನಮಗೆ ಈ ಬದಲಾವಣೆ ವಿಚಿತ್ರವಾಗಿ ಕಾಣಬೇಕಾಗಿಲ್ಲ.

ಫೋನಿನಲ್ಲಿ ನಿಮ್ಮ ಧ್ವನಿಯನ್ನು ಮುದ್ರಿಸಿಕೊಂಡು ಮೂಲ ಧ್ವನಿಯ ಪಕ್ಕದಲ್ಲಿಟ್ಟು ಕೇಳಿ. ಮೊದಲ ಕೆಲವು ದಿನ ಕೇಳಲು ಕಷ್ಟವಾಗುತ್ತದೆ. ಆದರೂ ಬಿಡಬೇಡಿ, ಏಕೆಂದರೆ ನಾವು ಹೇಳಿದ್ದೇವೆ ಎಂದುಕೊಂಡ ಟೋನಿಗೂ ನಿಜಕ್ಕೂ ಹೇಳಿದ ಟೋನಿಗೂ ಇರುವ ಅಂತರ ಬೇರೆ ಯಾವ ದಾರಿಯಲ್ಲೂ ತಿಳಿಯುವುದಿಲ್ಲ.

ನಾಲ್ಕನೆಯ ವಾರದಿಂದ: ಮನೆಮಾತಿನ ಪದಗಳು

ಪಠ್ಯಪುಸ್ತಕದ ಮೊದಲ ಪಾಠ ಸಾಮಾನ್ಯವಾಗಿ ವಿಮಾನ ನಿಲ್ದಾಣ ಇಲ್ಲವೇ ತರಗತಿ ಕೋಣೆಯಿಂದ ಆರಂಭವಾಗುತ್ತದೆ. ಕನ್ನಡಿಗರು ಮನೆಯಿಂದ ಆರಂಭಿಸುವುದು ಲೇಸು, ಏಕೆಂದರೆ ಚೀನೀ ಕುಟುಂಬದ ಬಂಧುವಾಚಕಗಳು ನಮ್ಮವುಗಳಂತೆಯೇ ಇವೆ. ಇಂಗ್ಲಿಷಿನ ಬ್ರದರ್ ಎಂಬುದಕ್ಕೆ ಅಲ್ಲಿ ಒಂದೇ ಪದ ಇಲ್ಲ. ಅಣ್ಣನಿಗೆ ಕ1ಕ, ತಮ್ಮನಿಗೆ ತಿ4ತಿ, ಅಕ್ಕನಿಗೆ ಚ್ಯೆ3ಚ್ಯೆ, ತಂಗಿಗೆ ಮೆಯ್4ಮೆಯ್. ದೊಡ್ಡಪ್ಪ ಪೊ2ಪೊ, ಚಿಕ್ಕಪ್ಪ ಷು1ಷು, ತಂದೆಯ ಸೋದರಿಯಾದ ಅತ್ತೆ ಕು1ಕು, ತಾಯಿಯ ಸೋದರನಾದ ಮಾವ ಚಿಯೊ4ಚಿಯೊ. ಪರಿಚಯವಿಲ್ಲದ ಹಿರಿಯರನ್ನು ಚಿಕ್ಕಪ್ಪನ ಪದದಿಂದಲೇ ಕರೆಯುವುದೂ ಅಲ್ಲಿ ವಾಡಿಕೆ. ಹಳ್ಳಿಯಲ್ಲಿ ಎದುರು ಸಿಕ್ಕವರನ್ನು 'ಊಟ ಆಯ್ತಾ?' ಎಂದು ಮಾತನಾಡಿಸುವ ನಾವು, ಅದೇ ಅರ್ಥದ 'ಛ1 ಲ ಮಾ?' ಎಂಬ ಹಳೆಯ ಕುಶಲಪ್ರಶ್ನೆಯನ್ನು ಮರೆಯುವ ಸಂಭವವೇ ಇಲ್ಲ.

ಇಲ್ಲಿ ಒಂದು ಬಲೆ ಇದೆ. ನಿ3 ಎಂದರೆ ನೀನು. ಇದು ನಮ್ಮ 'ನೀ'ಗೆ ಹತ್ತಿರವಿರುವುದು ಆಕಸ್ಮಿಕ, ಆದರೂ ನೆನಪಿಗೆ ಅನುಕೂಲ. ಗೌರವದ ರೂಪ ಮಾತ್ರ ನಿನ್2. ಕನ್ನಡದ ಕಿವಿಗೆ 'ನೀನ್' ಎಂದು ಏಕವಚನದಂತೆ ಕೇಳಿಸುವ ಈ ಪದವೇ ಅಲ್ಲಿ 'ನೀವು'. ಹಿರಿಯರಿಗೆ, ಗ್ರಾಹಕರಿಗೆ, ಗುರುಗಳಿಗೆ ನಿನ್2 ಎನ್ನಲು ಹಿಂಜರಿಯಬೇಡಿ.

ನಿಮ್ಮನ್ನು ಪರಿಚಯಿಸಿಕೊಳ್ಳುವ ನಾಲ್ಕು ವಾಕ್ಯಗಳನ್ನು ಈ ವಾರವೇ ಬಾಯಿಪಾಠ ಮಾಡಿ. ನಾನು ಭಾರತೀಯ ಎನ್ನಲು 'ವೊ3 ಷ4 ಯಿನ್4ತು4 ರನ್2'. ಬೆಂಗಳೂರಿಗೆ ಚೀನೀಯರು ಪಾನ್1ಚ್ಯಾ1ಲುವೊ2ಅರ್3 ಎನ್ನುತ್ತಾರೆ, ಕನ್ನಡ ಭಾಷೆಗೆ ಖಾ3ನಾ4ತಾ2ಯ್ಯು3. ಕೆನಡಾ ದೇಶದ ಹೆಸರು ಚ್ಯಾ1ನಾ2ತಾ4 ಎಂದಿರುವುದರಿಂದ ಉಚ್ಚಾರಣೆ ತಪ್ಪಿದರೆ ನಿಮ್ಮನ್ನು ಕೆನಡಾದವರೆಂದು ತಿಳಿಯಬಹುದು. ಸಂಸ್ಕೃತದಿಂದ ಬೌದ್ಧ ಗ್ರಂಥಗಳ ಜೊತೆ ಹೋದ ಪದಗಳನ್ನೂ ಗುರುತಿಸಿಟ್ಟುಕೊಳ್ಳಿ. ಮಲ್ಲಿಗೆ ಹೂವಿಗೆ ಮೊ4ಲಿ4, ಕ್ಷಣಕ್ಕೆ ಛಾ4ನಾ4, ಧ್ಯಾನದಿಂದ ಛಾನ್2, ಬೋಧಿಸತ್ವನಿಂದ ಫು2ಸಾ4. ಇಂಥ ನೆಂಟರನ್ನು ಕಂಡಾಗ ಕಲಿಕೆಗೆ ಉಲ್ಲಾಸ ಬರುತ್ತದೆ.

ಎರಡನೆಯ ತಿಂಗಳು: ವಾಕ್ಯವನ್ನು ಕನ್ನಡದಿಂದ ಕಟ್ಟಿ

ಚೀನೀ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯ ಇಲ್ಲ. ಬಂದನು, ಬಂದಳು, ಬಂದವು ಎಲ್ಲಕ್ಕೂ ಒಂದೇ ರೂಪ. ವಿಭಕ್ತಿಯೂ ಇಲ್ಲ. ಆದ್ದರಿಂದ ಪದಗಳ ಕ್ರಮವೇ ವ್ಯಾಕರಣ. 'ನಾನು ನಾಳೆ ಮನೆಯಲ್ಲಿ ಪುಸ್ತಕ ಓದುತ್ತೇನೆ' ಎಂಬುದು 'ವೊ3 ಮಿಂಗ್2ಥ್ಯೆನ್1 ತ್ಸಾಯ್4 ಚ್ಯಾ1 ಖಾನ್4 ಷು1' ಎಂದಾಗುತ್ತದೆ. ಕರ್ತೃ, ಕಾಲ, ಸ್ಥಳ ಕನ್ನಡದ ಕ್ರಮದಲ್ಲೇ ಬಂದಿವೆ. ಕರ್ಮ ಮಾತ್ರ ಕ್ರಿಯಾಪದದ ನಂತರ ಹೋಗಿದೆ. ಇಂಗ್ಲಿಷಿನ ಮೂಲಕ ಕಟ್ಟುವವರು ನಾಳೆ ಎಂಬುದನ್ನೂ ಮನೆ ಎಂಬುದನ್ನೂ ಕೊನೆಗೆ ಒಯ್ದು ಪ್ರತಿಬಾರಿ ತಪ್ಪುತ್ತಾರೆ. ಕನ್ನಡದಲ್ಲಿ ಯೋಚಿಸಿ, ಕರ್ಮವನ್ನು ಎತ್ತಿ ಕೊನೆಗೆ ಇಡಿ. ಅಷ್ಟರಿಂದಲೇ ಆರಂಭದ ವಾಕ್ಯಗಳಲ್ಲಿ ಹೆಚ್ಚಿನವು ಸರಿಯಾಗುತ್ತವೆ.

ವಿಶೇಷಣ ವಾಕ್ಯಗಳಲ್ಲಿ ಹೋಲಿಕೆ ಇನ್ನೂ ಆಳವಾಗಿದೆ. 'ನಾನು ನಿನ್ನೆ ಕೊಂಡ ಪುಸ್ತಕ' ಎಂಬುದಕ್ಕೆ 'ವೊ3 ತ್ಸುವೊ2ಥ್ಯೆನ್1 ಮಾಯ್3 ತ ಷು1'. ಪದಕ್ಕೆ ಪದ ಹೊಂದುತ್ತದೆ. 'ಕೊಂಡ' ಎಂಬುದರ ಕೊನೆಯ 'ಅ' ಮಾಡುವ ಕೆಲಸವನ್ನು ಇಲ್ಲಿ 'ತ' ಮಾಡುತ್ತಿದೆ, 'ನನ್ನ ಪುಸ್ತಕ' ಎನ್ನುವಾಗಲೂ ಅದೇ 'ತ' ಬರುತ್ತದೆ: ವೊ3 ತ ಷು1. ಮೇಜಿನ ಮೇಲೆ ಎನ್ನಲು ಮೇಜು ಮೊದಲು, ಮೇಲೆ ನಂತರ. ಪ್ರಶ್ನೆ ಕೇಳಲು ವಾಕ್ಯದ ಕೊನೆಗೆ 'ಮಾ' ಸೇರಿಸಿದರೆ ಸಾಕು, ನಾವು 'ಬರುತ್ತೀಯಾ' ಎಂದು ಕೊನೆಗೆ 'ಆ' ಸೇರಿಸಿದಂತೆ. ಉತ್ತರಕ್ಕೆ ಹೌದು ಎಂಬ ಪದವನ್ನು ಹುಡುಕಬೇಡಿ, 'ಬರುತ್ತೀಯಾ?' ಎಂದರೆ 'ಬರುತ್ತೇನೆ' ಎನ್ನುವ ಹಾಗೆ ಅಲ್ಲಿಯೂ ಕ್ರಿಯಾಪದವನ್ನೇ ಮರಳಿ ಹೇಳುತ್ತಾರೆ. ತುಳು ಬಲ್ಲವರಿಗೆ ಇನ್ನೊಂದು ಲಾಭ ಇದೆ: ಕೇಳುವವರನ್ನೂ ಸೇರಿಸಿದ 'ನಮ' ಮತ್ತು ಸೇರಿಸದ 'ಎಂಕುಲು' ಎಂಬ ಭೇದವನ್ನು ಹೋಲುವ ಎರಡು ಸರ್ವನಾಮಗಳು ಉತ್ತರ ಚೀನಾದ ಆಡುಮಾತಿನಲ್ಲಿವೆ.

ಎಲ್ಲ ಪುಸ್ತಕಗಳೂ ಪುಟಗಟ್ಟಲೆ ವಿವರಿಸುವ ಚಿಕ್ಕ ಪದವೊಂದಿದೆ, 'ಲ'. ಅದನ್ನು ಭೂತಕಾಲದ ಗುರುತು ಎಂದು ಕಲಿತವರು ಬೇಗ ಗೊಂದಲಕ್ಕೆ ಬೀಳುತ್ತಾರೆ. ಒಳಗಿನಿಂದ ಯಾರಾದರೂ ಕರೆದಾಗ ನಾವು ಇನ್ನೂ ಏಳದೆ ಇದ್ದರೂ 'ಬಂದೆ!' ಎನ್ನುತ್ತೇವೆ. ಚೀನೀಯರು ಅದೇ ಸಂದರ್ಭದಲ್ಲಿ 'ಲಾಯ್2 ಲ!' ಎನ್ನುತ್ತಾರೆ. ಮೊದಲ ಹನಿ ಬಿದ್ದಾಗ ನಾವು 'ಮಳೆ ಬಂತು' ಎನ್ನುವ ಕಡೆ ಅವರೂ ಮಳೆಯ ಮಾತಿಗೆ 'ಲ' ಸೇರಿಸುತ್ತಾರೆ. ಪರಿಸ್ಥಿತಿ ಬದಲಾಯಿತು ಎಂಬುದನ್ನು ಅದು ತಿಳಿಸುತ್ತದೆ. ಇಂಗ್ಲಿಷಿನ ವಿವರಣೆಗಿಂತ ನಮ್ಮ ಈ ಎರಡು ಮಾತುಗಳೇ ಇದನ್ನು ಚೆನ್ನಾಗಿ ಕಲಿಸುತ್ತವೆ.

ಎಣಿಕೆ, ಬೆಲೆ ಮತ್ತು ಅಳತೆಯ ಪದಗಳು

ಹನ್ನೊಂದು ಎಂದರೆ ಹತ್ತು-ಒಂದು, ಇಪ್ಪತ್ತು ಎಂದರೆ ಎರಡು-ಹತ್ತು. ನೂರರವರೆಗೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ತೊಡಕು ದೊಡ್ಡ ಮೊತ್ತದಲ್ಲಿದೆ. ಚೀನೀಯರು ಹತ್ತು ಸಾವಿರಕ್ಕೆ ವಾನ್4 ಎಂಬ ಬೇರೆ ಪದ ಇಟ್ಟು ಅದರಿಂದ ಎಣಿಸುತ್ತಾರೆ. ನಮ್ಮ ಒಂದು ಲಕ್ಷ ಅವರಿಗೆ ಹತ್ತು ವಾನ್, ನಮ್ಮ ಒಂದು ಕೋಟಿ ಸಾವಿರ ವಾನ್, ನಮ್ಮ ಹತ್ತು ಕೋಟಿಗೆ ಯಿ4 ಎಂಬ ಮತ್ತೊಂದು ಪದ. ಸರಕಿನ ಬೆಲೆ ಮಾತನಾಡುವವರು ಇದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಸೊನ್ನೆಯ ತಪ್ಪು ದುಬಾರಿ.

ಸಂಖ್ಯೆಗೂ ವಸ್ತುವಿಗೂ ನಡುವೆ ಅಳತೆಯ ಪದವೊಂದು ಬರಲೇಬೇಕು. ಪುಸ್ತಕಕ್ಕೆ ಪನ್3, ಕಾಗದ, ಮೇಜುಗಳಂಥ ಚಪ್ಪಟೆ ವಸ್ತುಗಳಿಗೆ ಚಾಂಗ್1, ನದಿ, ರಸ್ತೆ, ಮೀನುಗಳಂಥ ನೀಳವಾದವುಗಳಿಗೆ ಥ್ಯಾವ್2, ಗೌರವದಿಂದ ಹೇಳುವಾಗ ಮನುಷ್ಯರಿಗೆ ವೆಯ್4. ಮೂರು ಪುಸ್ತಕ ಎಂದರೂ ಮೂರು ಗುರುಗಳು ಎನ್ನದೆ ಮೂವರು ಗುರುಗಳು ಎನ್ನುವ ನಮಗೆ, ಎಣಿಸುವ ವಸ್ತುವಿಗೆ ತಕ್ಕಂತೆ ಎಣಿಕೆಯ ಮಾತು ಬದಲಾಗುವುದು ತೀರ ಹೊಸದಲ್ಲ. ಸರಿಯಾದ ಪದ ನೆನಪಾಗದಿದ್ದರೆ ಕ4 ಎಂಬ ಸಾಮಾನ್ಯ ಪದವನ್ನು ಬಳಸಿ, ಅರ್ಥವಾಗುತ್ತದೆ.

ಅಕ್ಷರಗಳು: ಚಿತ್ರವಲ್ಲ, ಕಟ್ಟಡ

ಚೀನಾ ಸರ್ಕಾರ 2013ರಲ್ಲಿ ಪ್ರಕಟಿಸಿದ ಅಧಿಕೃತ ಪಟ್ಟಿಯಲ್ಲಿ 8,105 ಅಕ್ಷರಗಳಿವೆ, ಅವುಗಳಲ್ಲಿ ಅತಿಬಳಕೆಯವೆಂದು ಮೊದಲ ವರ್ಗಕ್ಕೆ ಸೇರಿಸಿದವು 3,500. ಒಂದೊಂದನ್ನೂ ಚಿತ್ರದಂತೆ ಕಂಠಪಾಠ ಮಾಡಲು ಹೊರಟರೆ ಇನ್ನೂರಕ್ಕೆ ಮನಸ್ಸು ಕೈಚೆಲ್ಲುತ್ತದೆ. ಅಕ್ಷರಗಳು ಅವಯವಗಳಿಂದ ಕಟ್ಟಿದವು ಎಂಬುದನ್ನು ಮೊದಲು ಮನಗಾಣಬೇಕು. ಮರದ ಅಕ್ಷರವನ್ನು ಎರಡು ಸಲ ಬರೆದರೆ ತೋಪು, ಮೂರು ಸಲ ಬರೆದರೆ ದಟ್ಟ ಕಾಡು. ಸೂರ್ಯ ಮತ್ತು ಚಂದ್ರ ಸೇರಿದರೆ ಬೆಳಕು. ಹೆಣ್ಣು ಮತ್ತು ಮಗು ಸೇರಿದರೆ ಒಳ್ಳೆಯದು ಎಂಬರ್ಥದ ಹಾವ್3.

ಆದರೆ ಇಂಥ ಚಿತ್ರಕಥೆಗಳು ಕೆಲವಕ್ಕೆ ಮಾತ್ರ ಹೊಂದುತ್ತವೆ. ಅಕ್ಷರಗಳ ಬಹುಪಾಲು ಇನ್ನೊಂದು ಕ್ರಮದಲ್ಲಿ ಹುಟ್ಟಿವೆ: ಒಂದು ಅವಯವ ಅರ್ಥದ ಸುಳಿವು ಕೊಡುತ್ತದೆ, ಮತ್ತೊಂದು ಧ್ವನಿಯ ಸುಳಿವು. ಕುದುರೆಯ ಅಕ್ಷರ ಮಾ3. ಅದರ ಎಡಕ್ಕೆ ಹೆಣ್ಣನ್ನು ಇಟ್ಟರೆ ತಾಯಿ ಎಂಬ ಮಾ1, ಎಡಕ್ಕೆ ಬಾಯಿಯನ್ನು ಇಟ್ಟರೆ ಪ್ರಶ್ನೆಯ 'ಮಾ', ಮೇಲೆ ಎರಡು ಬಾಯಿಗಳನ್ನು ಇಟ್ಟರೆ ಬೈಗುಳದ ಮಾ4. ತಾಯಿಗೂ ಕುದುರೆಗೂ ಅರ್ಥದಲ್ಲಿ ಸಂಬಂಧವಿಲ್ಲ, ಕುದುರೆ ಅಲ್ಲಿ ಧ್ವನಿಗಾಗಿ ನಿಂತಿದೆ. ಛಿಂಗ್ ಎಂಬ ಧ್ವನಿಯ ಅವಯವ ಇನ್ನೂ ಒಳ್ಳೆಯ ಉದಾಹರಣೆ. ಅದರ ಪಕ್ಕದಲ್ಲಿ ನೀರಿನ ಮೂರು ಹನಿಗಳಿದ್ದರೆ ತಿಳಿಯಾದದ್ದು, ಮಾತಿನ ಗುರುತಿದ್ದರೆ ದಯವಿಟ್ಟು ಎಂಬ ವಿನಂತಿ, ಹೃದಯವಿದ್ದರೆ ಭಾವ, ಸೂರ್ಯನಿದ್ದರೆ ಮೋಡವಿಲ್ಲದ ಬಿಸಿಲು. ಟೋನ್ ಮಾತ್ರ ಬದಲಾಗುತ್ತದೆ. ಆದ್ದರಿಂದ ಮನುಷ್ಯ, ಬಾಯಿ, ಕೈ, ನೀರು, ಮರ, ಹೆಣ್ಣು, ಹೃದಯ, ಮಾತು, ಸೂರ್ಯ, ಚಂದ್ರ ಮೊದಲಾದ ಐವತ್ತು ಅವಯವಗಳನ್ನು ಮೊದಲು ಕಲಿತು, ಆಮೇಲೆ ದಿನಕ್ಕೆ ಮೂರರಿಂದ ಐದು ಅಕ್ಷರಗಳನ್ನು ಕುಟುಂಬ ಕುಟುಂಬವಾಗಿ ಕಲಿಯಿರಿ. ಅಕ್ಷರವನ್ನು ಒಂಟಿಯಾಗಿ ಬಿಡದೆ, ಅದು ಬರುವ ಒಂದು ಪದದೊಡನೆಯೇ ಬರೆದುಕೊಳ್ಳಿ.

ಗೆರೆಗಳಿಗೆ ಕ್ರಮ ಇದೆ. ಮೇಲಿನದು ಕೆಳಗಿನದಕ್ಕಿಂತ ಮೊದಲು, ಎಡದ್ದು ಬಲದ್ದಕ್ಕಿಂತ ಮೊದಲು, ಅಡ್ಡಗೆರೆ ಲಂಬಗೆರೆಗಿಂತ ಮೊದಲು. ಸುತ್ತುಗಟ್ಟಿದ ಅಕ್ಷರದಲ್ಲಿ ಒಳಗಿನದನ್ನು ತುಂಬಿದ ಮೇಲೆ ಕೆಳಗಿನ ಬಾಗಿಲನ್ನು ಮುಚ್ಚಬೇಕು. ಚೀನೀ ಮಕ್ಕಳು ಬರೆಯುವ ಚೌಕಕ್ಕೆ ಗದ್ದೆಯ ಹೆಸರಿದೆ, ಏಕೆಂದರೆ ನಾಲ್ಕು ಭಾಗ ಮಾಡಿದ ಆ ಚೌಕ ಗದ್ದೆ ಎಂಬ ಅಕ್ಷರದಂತೆಯೇ ಕಾಣುತ್ತದೆ. ನಮ್ಮ ಪ್ರಾಥಮಿಕ ಶಾಲೆಯ ಚೌಕುಳಿ ಪುಸ್ತಕದಲ್ಲಿ ನಾಲ್ಕು ಚೌಕಗಳನ್ನು ಒಂದು ಗದ್ದೆಯೆಂದು ತಿಳಿದು ಬರೆದರೆ ಅದೇ ಕೆಲಸ ನಡೆಯುತ್ತದೆ.

ಕೈಬರಹ ಬೇಕೇ ಬೇಡವೇ ಎಂಬ ಚರ್ಚೆ ಕಲಿಯುವವರಲ್ಲಿ ಸದಾ ನಡೆದಿರುತ್ತದೆ. ಇಂದು ಚೀನೀಯರೂ ಫೋನಿನಲ್ಲಿ ಪಿನ್‌ಯಿನ್ ಒತ್ತಿ, ಕೆಳಗೆ ಸಾಲಾಗಿ ಕಾಣುವ ಅಕ್ಷರಗಳಿಂದ ಬೇಕಾದದ್ದನ್ನು ಆರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ 250 ಅಕ್ಷರಗಳನ್ನು ಕೈಯಿಂದಲೇ ಬರೆದು ಕಲಿಯಬೇಕು, ಏಕೆಂದರೆ ಹತ್ತಿರ ಹತ್ತಿರದ ರೂಪಗಳನ್ನು ಬೇರ್ಪಡಿಸಲು ಕಣ್ಣನ್ನು ಪಳಗಿಸುವುದು ಕೈಯೇ. ಆಮೇಲೆ ಓದಿ ಗುರುತಿಸುವುದು ಮತ್ತು ಫೋನಿನಲ್ಲಿ ಬರೆಯುವುದು ಸಾಕು.

ದಿನಚರಿ ಮತ್ತು ಸಲಕರಣೆ

ವಾರಕ್ಕೊಮ್ಮೆ ಐದು ಗಂಟೆ ಕೂರುವುದಕ್ಕಿಂತ ದಿನಕ್ಕೆ ನಲವತ್ತು ನಿಮಿಷ ಮೇಲು. ಹದಿನೈದು ನಿಮಿಷ ಪಾಠದ ಧ್ವನಿಯನ್ನು ಕೇಳಿ, ನಿಲ್ಲಿಸಿ, ಗಟ್ಟಿಯಾಗಿ ಮರಳಿ ಹೇಳಿ. ಹತ್ತು ನಿಮಿಷ ಹಳೆಯ ಪದಗಳ ಪುನರಾವರ್ತನೆ. ಉಳಿದದ್ದು ಹೊಸ ಪಾಠ ಮತ್ತು ಬರಹ. ಪುನರಾವರ್ತನೆಗೆ ಆಂಕಿ ಎಂಬ ತಂತ್ರಾಂಶ ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಉಚಿತ. ನೀವು ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮುಂದಿಡುವಂತೆ ಅದನ್ನು ರೂಪಿಸಲಾಗಿದೆ. ನಿಘಂಟಿಗೆ ಪ್ಲೆಕೊ ಆ್ಯಪ್ ಸಾಕು, ಅದರ ಮೂಲ ಭಾಗಕ್ಕೆ ಹಣ ಕೊಡಬೇಕಾಗಿಲ್ಲ. ಕಾರ್ಡಿನ ಹಿಂಬದಿಯಲ್ಲಿ ಅರ್ಥವನ್ನು ಇಂಗ್ಲಿಷಿನಲ್ಲಿ ಬಿಟ್ಟುಬಿಡದೆ ನೀವೇ ಕನ್ನಡದಲ್ಲಿ ಬರೆಯಿರಿ. ಅಣ್ಣ, ಸೋದರತ್ತೆ, 'ಬಂದೆ!' ಇವುಗಳಿಗೆ ಇಂಗ್ಲಿಷ್ ಅರ್ಥ ಬರೆದರೆ ಎರಡು ಭಾಷೆಗಳ ನಡುವಿನ ನೇರ ದಾರಿಯನ್ನು ನಾವೇ ಮುಚ್ಚಿದಂತಾಗುತ್ತದೆ.

ಗುರುಗಳು, ಮಾತುಗಾರಿಕೆ, ಪರೀಕ್ಷೆ

ಶಾಂತಿನಿಕೇತನದಲ್ಲಿ 1937ರಿಂದ ಚೀನಾ ಭವನ ಇದೆ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪದವಿಯ ಮಟ್ಟದಲ್ಲಿ ಚೀನೀ ಭಾಷೆಯನ್ನು ಕಲಿಸುತ್ತಾರೆ. ಊರು ಬಿಟ್ಟು ಹೋಗಲಾಗದವರು ಆನ್‌ಲೈನ್ ಶಿಕ್ಷಕರನ್ನು ಹುಡುಕಿಕೊಳ್ಳಬೇಕಾಗುತ್ತದೆ. ಯಾರೇ ಆಗಲಿ, ಮೊದಲ ತರಗತಿಯಲ್ಲೇ ಒಂದು ಮಾತು ಕೇಳಿಕೊಳ್ಳಿ: ನನ್ನ ಟೋನ್ ತಪ್ಪಿದಾಗಲೆಲ್ಲ ಮಾತನ್ನು ತಡೆದು ತಿದ್ದಿ. ಚೀನೀ ಶಿಕ್ಷಕರಲ್ಲಿ ಹಲವರು ಸೌಜನ್ಯದಿಂದ ತಪ್ಪನ್ನು ದಾಟಿಸಿಬಿಡುತ್ತಾರೆ, ಆ ಸೌಜನ್ಯದಿಂದ ಕಲಿಯುವವರಿಗೆ ನಷ್ಟ. ನೂರೈವತ್ತು ಪದ ಕೈಗೆ ಬಂದ ಕೂಡಲೇ ಮಾತನಾಡಲು ತೊಡಗಿ. ವೈದ್ಯಕೀಯ ಓದಲು ಹೋಗುವ ವಿದ್ಯಾರ್ಥಿಗಳಂತೂ ಪಾಠ ಇಂಗ್ಲಿಷಿನಲ್ಲಿ ಇದೆ ಎಂಬ ಧೈರ್ಯದಲ್ಲಿ ಭಾಷೆಯನ್ನು ಮುಂದೂಡಬಾರದು. ವಾರ್ಡಿನಲ್ಲಿ ಮಲಗಿರುವ ರೋಗಿ ತನ್ನ ನೋವನ್ನು ಹೇಳುವುದು ಚೀನೀ ಭಾಷೆಯಲ್ಲಿಯೇ.

ಎಚ್‌ಎಸ್‌ಕೆ ಎಂಬ ಪರೀಕ್ಷೆ ವಿದೇಶೀಯರಿಗಾಗಿ ಚೀನಾ ನಡೆಸುವಂಥದ್ದು. 2010ರಿಂದ ನಡೆದುಬಂದ ಆರು ಹಂತಗಳ ಪಠ್ಯಕ್ರಮದಲ್ಲಿ ಮೊದಲ ಹಂತಕ್ಕೆ 150 ಪದ, ಎರಡನೆಯದಕ್ಕೆ 300, ಮೂರನೆಯದಕ್ಕೆ 600, ನಾಲ್ಕನೆಯದಕ್ಕೆ 1,200 ಪದಗಳು. 2021ರಲ್ಲಿ ಒಂಬತ್ತು ಹಂತಗಳ ಹೊಸ ಮಾನದಂಡ ಪ್ರಕಟವಾಗಿರುವುದರಿಂದ, ಪುಸ್ತಕ ಕೊಳ್ಳುವ ಮುನ್ನ ನೀವು ಬರೆಯುವ ಪರೀಕ್ಷೆ ಯಾವ ಪಠ್ಯಕ್ರಮದ್ದು ಎಂಬುದನ್ನು ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಿ. ಹಳೆಯ ಕ್ರಮದ ಮೊದಲ ಎರಡು ಹಂತಗಳಲ್ಲಿ ಪ್ರಶ್ನೆಪತ್ರಿಕೆಯ ಅಕ್ಷರಗಳ ಮೇಲೆ ಪಿನ್‌ಯಿನ್ ಮುದ್ರಿಸಿರುತ್ತಾರೆ, ಮೂರನೆಯದರಿಂದ ಆ ಊರುಗೋಲು ಇರುವುದಿಲ್ಲ. ಆದ್ದರಿಂದ ಆರನೆಯ ತಿಂಗಳಿನಿಂದಲೇ ಪಿನ್‌ಯಿನ್ ಇಲ್ಲದ ಚಿಕ್ಕ ಕತೆಗಳನ್ನು ಓದಲು ತೊಡಗಬೇಕು. ಕಲಿಯುವವರಿಗಾಗಿಯೇ ಮುನ್ನೂರು, ಐನೂರು ಅಕ್ಷರಗಳ ಮಿತಿಯಲ್ಲಿ ಬರೆದ ಪುಸ್ತಕಗಳಿವೆ. ಪುಟಕ್ಕೆ ಮೂರು-ನಾಲ್ಕಕ್ಕಿಂತ ಹೆಚ್ಚು ಹೊಸ ಅಕ್ಷರ ಎದುರಾದರೆ ಆ ಪುಸ್ತಕವನ್ನು ಎತ್ತಿಟ್ಟು ಸುಲಭದ್ದನ್ನು ತೆಗೆದುಕೊಳ್ಳಿ. ಚೀನಾದ ದೂರದರ್ಶನ ಧಾರಾವಾಹಿಗಳಲ್ಲಿ ಮಾತಿನ ಜೊತೆಗೆ ಚೀನೀ ಅಕ್ಷರಗಳೂ ಪರದೆಯ ಕೆಳಗೆ ಬರುವುದು ವಾಡಿಕೆ. ಮನೆಯ ಜಗಳ, ಅತ್ತೆ-ಸೊಸೆ, ಹಬ್ಬದ ಊಟಗಳಿರುವ ಕೌಟುಂಬಿಕ ಧಾರಾವಾಹಿಯೊಂದನ್ನು ಆರಿಸಿಕೊಂಡು, ಒಂದು ಕಂತನ್ನು ಐದೈದು ನಿಮಿಷಗಳ ತುಂಡು ಮಾಡಿ, ಪ್ರತಿ ತುಂಡನ್ನು ಮೊದಲು ಅಕ್ಷರಗಳೊಡನೆ, ಆಮೇಲೆ ಪರದೆಯ ಕೆಳಭಾಗವನ್ನು ಕಾಗದದಿಂದ ಮುಚ್ಚಿ, ಒಟ್ಟು ಮೂರು ಬಾರಿ ನೋಡಿ.